ಕುಂಡದ ಕಳ್ಳಿಗೆ ನೀರಿನ ಲೆಕ್ಕ

ಪೇಟೆಯ ಯಾವ ಬೀದಿಯಲ್ಲಿ ನಡೆದರೂ ಒಂದೆರಡು ಅಂಗಡಿಗಳ ಬಾಗಿಲ ಮೇಲೆ ಲೋಳೆಸರದ ಗಿಡವೊಂದು ತಲೆಕೆಳಗಾಗಿ ತೂಗಾಡುತ್ತಿರುವುದು ಕಾಣುತ್ತದೆ. ದೃಷ್ಟಿ ತಾಗದಿರಲೆಂದು ಕಟ್ಟಿದ ಗಿಡ ಅದು. ಬೇರು ಗಾಳಿಯಲ್ಲಿ, ಮಣ್ಣಿನ ಹಂಗಿಲ್ಲ, ನೀರು ಹಾಕುವವರಿಲ್ಲ. ಆದರೂ ತಿಂಗಳುಗಟ್ಟಲೆ ಹಸಿರು ಉಳಿಸಿಕೊಂಡು, ಎಲೆಯ ತುದಿಗಳನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿಕೊಂಡು ಬದುಕಿರುತ್ತದೆ. ಇತ್ತ ಮನೆಯ ಬಾಲ್ಕನಿಯಲ್ಲಿ, ಚೆಂದದ ಪಿಂಗಾಣಿ ಕುಂಡದಲ್ಲಿ, ಬೆಳಗಾದರೆ ಒಂದು ಲೋಟ ನೀರು ಕುಡಿಯುತ್ತಿದ್ದ ಲೋಳೆಸರ ಎರಡು ತಿಂಗಳು ಕಳೆಯುವಷ್ಟರಲ್ಲಿ ಬುಡ ಕಂದಿ, ಕೈಯಿಟ್ಟರೆ ಕಿತ್ತು ಬರುವಂತಾಗಿರುತ್ತದೆ. ಒಂದನ್ನು ಬಾಯಾರಿಕೆ ಕೊಲ್ಲಲಿಲ್ಲ, ಇನ್ನೊಂದನ್ನು ಉಪಚಾರ ಉಳಿಸಲಿಲ್ಲ.

ಇದನ್ನು ಕಂಡವರು ಸಾಮಾನ್ಯವಾಗಿ ಒಂದೇ ಪಾಠ ಕಲಿಯುತ್ತಾರೆ: ಈ ಜಾತಿಯ ಗಿಡಗಳಿಗೆ ನೀರು ಕಡಿಮೆ ಸಾಕು. ನರ್ಸರಿಯವರೂ ಅದನ್ನೇ ಹೇಳುತ್ತಾರೆ, ವಾರಕ್ಕೊಮ್ಮೆ ಎರಡು ಚಮಚ ಹಾಕಿ ಸಾಕು ಎಂದು ಗಿಡ ಕೊಟ್ಟು ಕಳಿಸುತ್ತಾರೆ. ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರ ಗಿಡಗಳೂ ಸಾಯುತ್ತವೆ ಎಂಬುದರಿಂದಲೇ ಇವತ್ತಿನ ಮಾತು ಶುರುವಾಗಬೇಕು. ಕುಂಡದಲ್ಲಿರುವ ಕಳ್ಳಿಗೆ, ಜೇಡ್ ಗಿಡಕ್ಕೆ, ಎಚೆವೇರಿಯಾಕ್ಕೆ ಎಷ್ಟು ನೀರು ಹಾಕಬೇಕು ಎಂದು ಕೇಳಿ ಪ್ರಯೋಜನವಿಲ್ಲ ಎನ್ನುವುದು ನನ್ನ ವಾದ. ಹಾಕಿದ ನೀರು ಎಷ್ಟು ದಿನಕ್ಕೆ ಕುಂಡ ಬಿಟ್ಟು ಹೋಗುತ್ತದೆ ಎಂದು ಕೇಳಬೇಕು. ಅದನ್ನು ತೀರ್ಮಾನಿಸುವವು ಮಣ್ಣು, ಕುಂಡ, ಬಿಸಿಲು, ಗಾಳಿ ಮತ್ತು ತಿಂಗಳು. ಗಿಡದ ಪಾಲು ಅದರಲ್ಲಿ ತೀರಾ ಸಣ್ಣದು. ಅದರಲ್ಲೂ ತಿಂಗಳಿನ ಲೆಕ್ಕವನ್ನು ನಾವು ಚಳಿದೇಶದವರ ಪುಸ್ತಕಗಳಿಂದ ಹಾಗೆ ಹಾಗೇ ಎತ್ತಿಕೊಂಡು ಕೆಟ್ಟಿದ್ದೇವೆ.

ಮೊದಲು ಗಿಡದ ಒಳಗೆ ನಡೆಯುವುದನ್ನು ನೋಡೋಣ. ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಬೆಂಜಮಿನ್ ಹೇಯ್ನ್ ಎಂಬ ಜರ್ಮನ್ ಮೂಲದ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿ ದಕ್ಷಿಣ ಭಾರತದಲ್ಲಿದ್ದ. ಟಿಪ್ಪು ಮಡಿದ ಮೇಲೆ ನಡೆದ ಮೈಸೂರು ಸೀಮೆಯ ಸರ್ವೇಯಲ್ಲಿ ದುಡಿದ, ಕೆಲಕಾಲ ಲಾಲ್‌ಬಾಗಿನ ಉಸ್ತುವಾರಿಯನ್ನೂ ನೋಡಿಕೊಂಡ. ಎಲೆಯ ಅಂಚಿನಲ್ಲೇ ಮರಿ ಹುಟ್ಟಿಸುವ ಕಾಡುಬಸಳೆ ನಮಗೆಲ್ಲ ಗೊತ್ತಿರುವ ಗಿಡ. ಅದರ ಎಲೆಯನ್ನು ಹೇಯ್ನ್ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗ್ಗೆ ಚೆನ್ನಾಗಿ ಹುಳಿ ಇತ್ತು, ಮಧ್ಯಾಹ್ನಕ್ಕೆ ರುಚಿಯೇ ಇಲ್ಲದಂತಾಗಿತ್ತು, ಸಂಜೆಗೆ ತುಸು ಕಹಿಯಾಗಿತ್ತು. ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಈ ಬಗ್ಗೆ ಅವನು ಬರೆದ ಪತ್ರ 1815ರಲ್ಲಿ ಅಚ್ಚಾಯಿತು. ಹುಳಿಯ ಗುಟ್ಟು ಪೂರ್ತಿ ಬಿಚ್ಚಿಕೊಳ್ಳಲು ಆಮೇಲೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಮಾಮೂಲಿ ಗಿಡಗಳು ಹಗಲಲ್ಲಿ ಎಲೆಯ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಅದೇ ಬಾಗಿಲಿನಿಂದ ನೀರೂ ಆವಿಯಾಗಿ ಹೊರಟುಹೋಗುತ್ತದೆ. ಕಾಡುಬಸಳೆ, ಲೋಳೆಸರ, ಕತ್ತಾಳೆ ಮತ್ತು ಹೆಚ್ಚಿನೆಲ್ಲ ಕ್ಯಾಕ್ಟಸ್‌ಗಳು ಈ ವ್ಯವಹಾರವನ್ನು ರಾತ್ರಿಗೆ ಇಟ್ಟುಕೊಂಡಿವೆ. ತಂಪು ಹೊತ್ತಿನಲ್ಲಿ ರಂಧ್ರ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಿನ ಹುಳಿ ಅದೇ. ಹೊತ್ತೇರಿದ ಮೇಲೆ ಬಾಗಿಲು ಮುಚ್ಚಿಕೊಂಡು, ಕೂಡಿಟ್ಟ ಆಮ್ಲವನ್ನು ಬಿಸಿಲಿನ ಬಲದಿಂದ ಸಕ್ಕರೆಯಾಗಿಸುತ್ತವೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡನ್ನು ದಕ್ಕಿಸಿಕೊಳ್ಳಲು ಭತ್ತ, ಟೊಮೇಟೊಗಳಂಥ ಸಾಮಾನ್ಯ ಸಸ್ಯಗಳು ಸುಮಾರು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಇವು 50ರಿಂದ 100 ಗ್ರಾಮಿನಲ್ಲಿ ಕೆಲಸ ಮುಗಿಸುತ್ತವೆ.

ಈ ಅಂಕಿಯನ್ನು ಕೇಳಿ ಗಿಡದ ಜಾಣತನಕ್ಕೆ ತಲೆದೂಗಿ ಸುಮ್ಮನಾಗುವವರೇ ಹೆಚ್ಚು. ಆದರೆ ಕುಂಡದ ಮಟ್ಟಿಗೆ ಅದರ ಅರ್ಥ ಬೇರೆಯೇ ಇದೆ. ತುಳಸಿಕಟ್ಟೆಗೆ ಸುರಿದ ಒಂದು ಚೊಂಬು ನೀರನ್ನು ತುಳಸಿಯೇ ಹೀರಿ ಎಲೆಗಳ ಮೂಲಕ ಗಾಳಿಗೆ ಬಿಡುತ್ತದೆ. ಮಣ್ಣನ್ನು ಒಣಗಿಸುವ ಕೆಲಸದಲ್ಲಿ ಗಿಡದ್ದೇ ದೊಡ್ಡ ಪಾಲು. ಕಳ್ಳಿಯ ಕುಂಡದಲ್ಲಿ ಆ ಕೆಲಸ ಮಾಡುವವರೇ ಇಲ್ಲ. ಗಿಡ ತನಗೆ ಬೇಕಾದ ಚೂರು ಪಾರು ಎಳೆದುಕೊಂಡು ಸುಮ್ಮನಾಗುತ್ತದೆ, ಉಳಿದ ನೀರು ಮಣ್ಣಿನಲ್ಲೇ ಕೂತಿರುತ್ತದೆ. ಬೇರಿಗೂ ಉಸಿರಾಟವಿದೆ, ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಗಾಳಿ ಸುಳಿಯುವುದಕ್ಕೆ ಎಡೆಯಿರುವುದಿಲ್ಲ. ಉಸಿರುಗಟ್ಟಿದ ಬೇರು ಸಾಯುತ್ತದೆ, ಸತ್ತ ಬೇರಿನ ಮೇಲೆ ಫೈಟಾಫ್ಥೊರಾ, ಪಿಥಿಯಂ, ಫ್ಯುಸೇರಿಯಂನಂಥ ರೋಗಾಣುಗಳು ಏರುತ್ತವೆ, ಕೊಳೆ ಬುಡಕ್ಕೆ ಹಬ್ಬುತ್ತದೆ. ನೀರು ಎನ್ನುವ ವಸ್ತು ತಾನಾಗಿ ಕಳ್ಳಿಗೆ ವಿಷವಲ್ಲ. ಅದು ಹೋಗದೆ ನಿಂತದ್ದು ಮೃತ್ಯು.

ಹಾಗಾದರೆ ಚಮಚದ ಲೆಕ್ಕವೇ ಕ್ಷೇಮವಲ್ಲವೇ, ನಿಲ್ಲುವಷ್ಟು ನೀರನ್ನೇ ಕೊಡದಿದ್ದರಾಯಿತು ಎಂದು ಯಾರಾದರೂ ಕೇಳಬಹುದು. ಮೇಲ್ನೋಟಕ್ಕೆ ಸರಿಯಾಗಿ ಕಾಣುವ ಮಾತು. ಆದರೆ ಈ ಗಿಡಗಳ ತವರಿನಲ್ಲಿ ಮಳೆ ಹೇಗೆ ಬರುತ್ತದೆ ನೋಡಿ. ಅಮೆರಿಕದ ಅರಿಜೋನಾದಲ್ಲಿ, ಕಂಬದಂಥ ಸಗ್ವಾರೋ ಕ್ಯಾಕ್ಟಸ್ ಬೆಳೆಯುವ ಟೂಸಾನ್ ಸುತ್ತಮುತ್ತ ವರ್ಷಕ್ಕೆ ಬೀಳುವುದು ಸುಮಾರು 300 ಮಿಲಿಮೀಟರ್. ಅದು ವಾರಕ್ಕಿಷ್ಟು ಎಂದು ಹಂಚಿಕೊಂಡು ಬೀಳುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಗುಡುಗುಮಳೆಯಲ್ಲಿ ಹೆಚ್ಚುಕಡಿಮೆ ಅರ್ಧ, ಉಳಿದುದರಲ್ಲಿ ಹೆಚ್ಚಿನದು ಚಳಿಗಾಲದಲ್ಲಿ. ನಡುವೆ ತಿಂಗಳುಗಟ್ಟಲೆ ಬರ. ಮಳೆ ಬಿದ್ದಾಗ ನೆಲ ಪೂರ್ತಿ ತೊಯ್ಯುತ್ತದೆ. ಕೆಲವೇ ದಿನಗಳಲ್ಲಿ ಕ್ಯಾಕ್ಟಸ್ಸಿಗೆ ಎಳೆಯ ಹೀರುಬೇರುಗಳು ಹೊಸದಾಗಿ ಒಡೆಯುತ್ತವೆ, ಕಾಂಡದ ಮಡಿಕೆಗಳು ಬಿಚ್ಚಿಕೊಂಡು ಉಬ್ಬುತ್ತವೆ, ನೆಲ ಒಣಗಿದ ಮೇಲೆ ಆ ಎಳೆಬೇರುಗಳು ಉದುರಿಹೋಗುತ್ತವೆ. ತುಂಬಾ ನೀರು, ಆಮೇಲೆ ಪೂರ್ತಿ ಒಣಗು: ಗಿಡದ ಮೈಕಟ್ಟು ಇದಕ್ಕೆ ಒಗ್ಗಿದೆ. ಚಮಚದ ನೀರು ಎರಡನ್ನೂ ತಪ್ಪಿಸುತ್ತದೆ. ಮೇಲಿನ ಒಂದು ಅಂಗುಲ ಸದಾ ತೇವ, ಕೆಳಗಿನ ಬೇರುಗಳಿಗೆ ಸದಾ ಬರ. ಜೊತೆಗೆ ಬೋರ್‌ವೆಲ್ ನೀರಾದರೆ ಅದರ ಗಡಸು ಲವಣಗಳು ತೊಳೆದುಹೋಗಲು ದಾರಿಯಿಲ್ಲದೆ ಮಣ್ಣಿನ ಮೇಲೆ, ಕಾಂಡದ ಬುಡದಲ್ಲಿ ಬಿಳಿ ಪೊರೆಯಾಗಿ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಕೊಡುವಾಗ ಕುಂಡದ ತೂತಿನಿಂದ ಧಾರೆಯಾಗಿ ಹೊರಬರುವಷ್ಟು ಕೊಡಿ, ಸಾಧ್ಯವಿದ್ದರೆ ಹಿಡಿದಿಟ್ಟ ಮಳೆನೀರನ್ನೇ ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಆಮೇಲೆ ಕೈಕಟ್ಟಿ ಕೂರಿ. ತೆಳ್ಳನೆಯ ಬಿದಿರುಕಡ್ಡಿಯನ್ನು ಕುಂಡದ ತಳದವರೆಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ತೆಗೆದರೆ ಅದಕ್ಕೆ ತೇವದ ಬಣ್ಣವಾಗಲೀ ಮಣ್ಣಾಗಲೀ ಅಂಟಿರಬಾರದು. ಕುಂಡವನ್ನು ಕೈಯಲ್ಲಿ ಎತ್ತಿ ತೂಕ ಅಂದಾಜು ಮಾಡುವುದು ಇನ್ನೂ ಒಳ್ಳೆಯ ವಿಧಾನ. ನೀರುಂಡ ಕುಂಡಕ್ಕೂ ಒಣಕುಂಡಕ್ಕೂ ಇರುವ ವ್ಯತ್ಯಾಸ ಎರಡು ಸಲ ಎತ್ತಿದವರಿಗೆ ತಿಳಿದುಬಿಡುತ್ತದೆ.

ಬೇಗ ಒಣಗಬೇಕಾದರೆ ಮಣ್ಣು ಹೇಗಿರಬೇಕು ಎಂಬುದು ಮುಂದಿನ ವಿಷಯ. ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇಲ್ಲೇ ಇದೆ. ಕುಂಡದ ತಳಕ್ಕೆ ಎರಡು ಅಂಗುಲ ಜಲ್ಲಿ ಹಾಕಿ, ಅದರ ಮೇಲೆ ಮಾಮೂಲಿ ಮಣ್ಣು ತುಂಬಿದರೆ ನೀರು ಸರಾಗವಾಗಿ ಬಸಿದುಹೋಗುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಆಗುವುದು ಇದಕ್ಕೆ ತಿರುಗುಮುರುಗು. ನುಣುಪು ಮಣ್ಣಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಕೆಳಗೆ ದೊಡ್ಡ ಸಂದುಗಳ ಜಲ್ಲಿ ಸಿಕ್ಕಿದ ಕಡೆ ನೀರು ಇಳಿಯಲು ಹಿಂಜರಿದು, ಅದರ ಮೇಲೆಯೇ ಒಂದು ಒದ್ದೆ ಪದರವಾಗಿ ನಿಲ್ಲುತ್ತದೆ. ಜಲ್ಲಿ ಹಾಕಿದ್ದರಿಂದ ಆದದ್ದು ಇಷ್ಟೇ: ತಳದಲ್ಲಿ ಇರಬೇಕಾಗಿದ್ದ ಒದ್ದೆ ಪದರ ಎರಡು ಅಂಗುಲ ಮೇಲೆ, ಬೇರಿನ ಹತ್ತಿರಕ್ಕೆ ಬಂತು. ಈ ಪದರದ ದಪ್ಪವನ್ನು ನಿರ್ಧರಿಸುವುದು ಮಣ್ಣಿನ ಕಣದ ಗಾತ್ರ. ಕುಂಡದ ಎತ್ತರಕ್ಕೆ ಅದರಲ್ಲಿ ಕೈಯಿಲ್ಲ. ನೀರು ತುಂಬಿದ ಸ್ಪಂಜನ್ನು ಅಡ್ಡ ಹಿಡಿದರೆ ತೊಟ್ಟಿಕ್ಕುವುದು ಬೇಗ ನಿಲ್ಲುತ್ತದೆ, ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಇನ್ನಷ್ಟು ನೀರು ಸುರಿಯುತ್ತದೆ. ಕುಂಡದ ಕಥೆಯೂ ಅದೇ. ಒಂದೇ ಮಣ್ಣನ್ನು ತಟ್ಟೆಯಂಥ ಅಗಲ ಕುಂಡಕ್ಕೂ ಎತ್ತರದ ಕುಂಡಕ್ಕೂ ತುಂಬಿದರೆ, ತಟ್ಟೆಯಲ್ಲಿ ಬೇರಿಗೆ ಸಿಗುವ ಒಣಜಾಗ ತೀರಾ ಕಡಿಮೆ. ನೋಟಕ್ಕೆ ಚೆಂದವೆಂದು ನೀರು ಕೂಡಿಡುವ ದಪ್ಪ ಎಲೆ, ಕಾಂಡದ ಆರೇಳು ಸಕ್ಯುಲೆಂಟ್‌ಗಳನ್ನು ತಟ್ಟೆಗೆ ನೆಟ್ಟು ಮಾರುತ್ತಾರಲ್ಲ, ಅದರಲ್ಲಿ ಕೊಳೆ ಬೇಗ ಬರುವುದಕ್ಕೆ ಇದೊಂದು ಕಾರಣ.

ಅಂದಮೇಲೆ ಮಾಡಬೇಕಾದ್ದು ತಳಕ್ಕೆ ಜಲ್ಲಿ ಹಾಕುವುದಲ್ಲ, ಇಡೀ ಕುಂಡದ ಮಣ್ಣನ್ನೇ ಒರಟಾಗಿಸುವುದು. ಬೆಂಗಳೂರು, ಕೋಲಾರ, ತುಮಕೂರಿನ ಕೆಮ್ಮಣ್ಣಿನಲ್ಲಿ ಜೇಡಿಯ ಅಂಶ ಸಾಕಷ್ಟಿದೆ, ಅದೊಂದನ್ನೇ ತುಂಬಿದರೆ ಕೆಲವೇ ತಿಂಗಳಲ್ಲಿ ಇಟ್ಟಿಗೆಯಾಗುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣಂತೂ ಕುಂಡದ ಕಳ್ಳಿಗೆ ಸಲ್ಲದೇ ಸಲ್ಲದು; ಒದ್ದೆಯಾದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲಿಗಿಂತ ಕಡಿಮೆ ಚೆನ್ನಾಗಿ ಕಳಿತ ಗೊಬ್ಬರ, ಅವೆರಡರಷ್ಟು ಅಥವಾ ಅದಕ್ಕೂ ಹೆಚ್ಚು ಒರಟು ಚೂರು: ಈ ಅಳತೆ ನಮ್ಮಲ್ಲಿ ಹೆಚ್ಚಿನ ಕಡೆ ನಡೆಯುತ್ತದೆ. ಒರಟು ಚೂರೆಂದರೆ ಮೂರರಿಂದ ಆರು ಮಿಲಿಮೀಟರಿನವು. ಒಡೆದ ಇಟ್ಟಿಗೆಯ ಚೂರು ಪುಕ್ಕಟೆ ಸಿಗುತ್ತದೆ, ಗುಣದಲ್ಲೂ ದುಬಾರಿ ಪರ್ಲೈಟಿಗೆ ಸೋಲುವುದಿಲ್ಲ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ದೂಳೆಲ್ಲ ತೊಳೆದು ಬಳಸಬೇಕು, ಇಲ್ಲದಿದ್ದರೆ ಆ ದೂಳೇ ಸಂದುಗಳನ್ನು ಮುಚ್ಚುತ್ತದೆ. ಕರಾವಳಿಯವರು ಕಡಲ ದಂಡೆಯ ಮರಳನ್ನು ತರುವುದು ಬೇಡ, ಅದರಲ್ಲಿ ಉಪ್ಪಿದೆ. ನರ್ಸರಿಯಿಂದ ಬರುವ ಗಿಡಗಳ ಬೇರಿಗೆ ಮೆತ್ತಿಕೊಂಡಿರುವುದು ಬಹುಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಸಾಗಾಟಕ್ಕೆ ಹಗುರ ಎಂಬ ಕಾರಣಕ್ಕೆ ಅವರು ಅದನ್ನು ಬಳಸುತ್ತಾರೆ, ಅವರ ದೃಷ್ಟಿಯಿಂದ ಅದು ನ್ಯಾಯವೇ. ಮನೆಗೆ ಬಂದ ಮೇಲೆ ಮಾತ್ರ ಅದು ಒದ್ದೆಯಾದರೆ ದಿನಗಟ್ಟಲೆ ಆರುವುದಿಲ್ಲ, ಒಮ್ಮೆ ಪೂರ್ತಿ ಒಣಗಿದರೆ ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಮೆಲ್ಲಗೆ ಉದುರಿಸಿ ಹೊಸ ಮಣ್ಣಿಗೆ ನೆಟ್ಟು, ಗಾಯಗೊಂಡ ಬೇರು ಮಾಯುವವರೆಗೆ ಐದಾರು ದಿನ ನೀರು ಹಾಕದೆ ಬಿಡಿ. ಕುಂಡದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬಣ್ಣ ಬಳಿಯದ, ತಳದಲ್ಲಿ ತೂತಿರುವ, ಗಿಡಕ್ಕಿಂತ ಎರಡು ಬೆರಳು ಮಾತ್ರ ಅಗಲವಾದ ಮಣ್ಣಿನ ಕುಂಡಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಇನ್ನು ತಿಂಗಳಿನ ಮಾತು. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಬರೆದ ಕ್ಯಾಕ್ಟಸ್ ಪುಸ್ತಕ ತೆರೆದರೆ ಎರಡು ಉಪದೇಶಗಳು ತಪ್ಪದೆ ಸಿಗುತ್ತವೆ. ಚಳಿಗಾಲದಲ್ಲಿ ನೀರು ನಿಲ್ಲಿಸಿ, ಬೇಸಿಗೆಯಲ್ಲಿ ಧಾರಾಳವಾಗಿ ಕೊಡಿ ಎನ್ನುವುದು ಒಂದು; ಗಿಡವನ್ನು ದಕ್ಷಿಣದ ಕಿಟಕಿಯಲ್ಲಿಡಿ ಎನ್ನುವುದು ಇನ್ನೊಂದು. ಅವರ ಊರಿಗೆ ಎರಡೂ ಸರಿ. ಅಲ್ಲಿ ಡಿಸೆಂಬರ್ ಎಂದರೆ ಕತ್ತಲು, ಹಿಮ, ಒಣಗದ ಮಣ್ಣು. ನಮ್ಮ ಡಿಸೆಂಬರ್ ಹಾಗಿದೆಯೇ? ಬೆಂಗಳೂರು, ಮೈಸೂರು, ಹಾಸನದ ಕಡೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಆಕಾಶ ನಿಚ್ಚಳ, ಗಾಳಿ ಒಣ, ಹಗಲು ಹಿತವಾದ ಬಿಸಿಲು, ರಾತ್ರಿ ಹದಿನೈದು ಹದಿನಾರು ಡಿಗ್ರಿಯ ತಂಪು. ರಾತ್ರಿ ಬಾಗಿಲು ತೆರೆದು ಉಸಿರಾಡುವ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮೆಕ್ಸಿಕೋದ ಎತ್ತರದ ನಾಡಿನ ಎಚೆವೇರಿಯಾಗಳು ಇಲ್ಲಿ ಬಣ್ಣ ತುಂಬಿಕೊಳ್ಳುವುದು ಆಗಲೇ. ಆ ಮೂರು ತಿಂಗಳು ಕುಂಡವನ್ನು ಒಣಗಿಸಿ ಇಟ್ಟು, ಜೂನ್ ಬಂದಕೂಡಲೇ ಬೆಳೆಯುವ ಕಾಲ ಎಂದು ನೀರು ಸುರಿಯುವುದು ಪುಸ್ತಕಕ್ಕೆ ನಿಷ್ಠೆ, ಗಿಡಕ್ಕೆ ದ್ರೋಹ. ನಮ್ಮಲ್ಲಿ ಮಣ್ಣು ಒಣಗದ ಕಾಲ ಜೂನಿನಿಂದ ಅಕ್ಟೋಬರ್. ಬೆಂಗಳೂರಿಗಂತೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಹೆಚ್ಚು ಮಳೆ. ಮೋಡ ಮುಚ್ಚಿದ ಆ ದಿನಗಳಲ್ಲಿ ಸೂರಿನಡಿಯ ಕುಂಡಕ್ಕೆ ಎರಡು ಮೂರು ವಾರಕ್ಕೊಮ್ಮೆ ಕಡ್ಡಿ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಬೆಳಗಿನ ಹೊತ್ತು ಕೊಟ್ಟರೆ ಸಾಕು. ಚಳಿಗಾಲದ ಬಿಸಿಲಲ್ಲಿ ಅದೇ ಕುಂಡ ವಾರದಲ್ಲಿ ಒಣಗಬಹುದು. ಏಪ್ರಿಲ್, ಮೇ ತಿಂಗಳಿನಲ್ಲಿ ಕಲಬುರಗಿ, ರಾಯಚೂರಿನಂಥ ಕಡೆ ಬಿಸಿಲು ನಲವತ್ತು ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದಾಗ ಹಲವು ಗಿಡಗಳು ಬೆಳವಣಿಗೆ ನಿಲ್ಲಿಸಿ ಕೂರುತ್ತವೆ. ಆಗ ದಿನಾ ನೀರು ಬೇಕೆನಿಸುವುದು ನಮಗೇ ಹೊರತು ಅವುಗಳಿಗಲ್ಲ. ಮಧ್ಯಾಹ್ನ ಕಾದ ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ನೀರು ಸುರಿದರೆ ಬೇರು ಬೇಯುತ್ತದೆ. ಸಂಜೆ ಕೊಡಿ, ನಡುಹಗಲಿಗೆ ಒಂದು ಪರದೆಯ ನೆರಳು ಕೊಡಿ.

ದಕ್ಷಿಣದ ಕಿಟಕಿಯ ಉಪದೇಶ ಇನ್ನೂ ದಾರಿ ತಪ್ಪಿಸುತ್ತದೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ನಾಲ್ಕು ತಿಂಗಳು ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ಹೆಚ್ಚುಕಡಿಮೆ ಇಲ್ಲ; ಡಿಸೆಂಬರಿನಲ್ಲಿ ಅದೇ ಬಾಲ್ಕನಿಯ ಗೋಡೆಯವರೆಗೂ ಬಿಸಿಲು ಬರುತ್ತದೆ. ಮೋಡವೂ ಕವಿದು, ಬಿಸಿಲೂ ತಪ್ಪಿ, ಮಳೆಯ ಇರಚಲೂ ಬೀಳುವ ಜೂನ್, ಜುಲೈನಲ್ಲಿ ಅಲ್ಲಿಟ್ಟ ಕಳ್ಳಿಯ ಕುಂಡ ಒಣಗುವುದು ಹೇಗೆ? ಕುಂಡಗಳನ್ನು ವರ್ಷಕ್ಕೆ ಎರಡು ಸಲವಾದರೂ ಜಾಗ ಬದಲಿಸಿ, ಬಿಸಿಲಿರುವ ಕಡೆಗೆ ಸಾಗಿಸುವುದೊಂದೇ ದಾರಿ. ಪೂರ್ವದ ಬಾಲ್ಕನಿ ಇರುವವರು ಭಾಗ್ಯವಂತರು, ಅವರಿಗೆ ಈ ತೊಂದರೆ ಕಡಿಮೆ. ಮನೆಯ ಒಳಗಿನ ಮೇಜಿನ ಮಾತನ್ನು ಎತ್ತದಿರುವುದೇ ಒಳ್ಳೆಯದು. ನಡುಹಗಲಿನ ಬಯಲು ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸಿನದಾದರೆ, ನಮಗೆ ಬೆಳಕು ಸಾಕಷ್ಟಿದೆ ಎನಿಸುವ ನಡುಮನೆಯಲ್ಲಿ ಇರುವುದು ಕೆಲವು ನೂರು. ಕಣ್ಣು ಹೊಂದಿಕೊಳ್ಳುತ್ತದೆ, ಗಿಡ ಹೊಂದಿಕೊಳ್ಳಲಾರದು. ತೆಳ್ಳಗೆ, ಬಿಳಚಿ, ಉದ್ದುದ್ದ ಎಳೆದುಕೊಂಡು ಹೋಗುತ್ತದೆ. ಮುಳ್ಳಿನ ಗಿಡ ಮನೆಯೊಳಗೆ ಬೇಡ ಎನ್ನುವ ಹಿರಿಯರ ಮಾತಿಗೆ ಅವರು ಕೊಡುವ ಕಾರಣ ಏನೇ ಇರಲಿ, ತೀರ್ಮಾನವನ್ನು ನಾನು ಒಪ್ಪುತ್ತೇನೆ.

ಇಷ್ಟೆಲ್ಲ ಎಚ್ಚರ ಬೇಕಾದರೆ, ಹೊಲದ ಬದುವಿನ ಕಳ್ಳಿಬೇಲಿ ಮಳೆಗಾಲವಿಡೀ ನೆನೆದೂ ಹೇಗೆ ಸೊಂಪಾಗಿರುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಬೊಂತೆಗಳ್ಳಿಯ ಬೇಲಿಗೆ ಯಾರೂ ಕೊಡೆ ಹಿಡಿಯುವುದಿಲ್ಲ, ನಿಜ. ಆದರೆ ಬದುವೆಂದರೆ ಎತ್ತರದ ಜಾಗ, ಅಲ್ಲಿನ ನೀರು ಕೆಳಗಿನ ನೆಲಕ್ಕೆ ಆಳವಾಗಿ ಇಳಿದುಹೋಗುತ್ತದೆ. ಕುಂಡದಲ್ಲಿ ನಿಲ್ಲುವ ಒದ್ದೆ ಪದರ ನೆಲದಲ್ಲಿ ಬೇರಿನ ಮಟ್ಟಕ್ಕೆ ನಿಲ್ಲುವುದಿಲ್ಲ. ಸುತ್ತ ಹುಲ್ಲು, ಪೊದೆಗಳ ಬೇರುಗಳು ನೀರನ್ನು ಹಂಚಿಕೊಳ್ಳುತ್ತವೆ. ಗಾಳಿ ನಾಲ್ಕು ಕಡೆಯಿಂದ ಬೀಸುತ್ತದೆ. ಮಳೆ ಬಿಟ್ಟ ಎರಡೇ ದಿನಕ್ಕೆ ಬದು ಆರಿರುತ್ತದೆ. ಅದೇ ಬೊಂತೆಗಳ್ಳಿಯನ್ನು ಕೆರೆಯಂಗಳದಲ್ಲಿ ನೆಟ್ಟವರು ಯಾರಿದ್ದಾರೆ? ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಗಟ್ಟಿಮಾಡುತ್ತದೆ. ಅಂದಹಾಗೆ, ಬೊಂತೆಗಳ್ಳಿ, ಚದುರಗಳ್ಳಿಗಳು ಕ್ಯಾಕ್ಟಸ್ ಕುಟುಂಬದವಲ್ಲ, ಯೂಫೋರ್ಬಿಯಾ ಜಾತಿಯವು. ಕತ್ತರಿಸಿದರೆ ಸುರಿಯುವ ಬಿಳಿ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು.

ಎಲೆ ಸುಕ್ಕುಗಟ್ಟಿದ್ದು ಕಂಡಾಗ ಏನು ಮಾಡಬೇಕು ಎಂಬಲ್ಲಿ ತಪ್ಪುವವರೇ ಹೆಚ್ಚು. ಸುಕ್ಕು ಎಂದರೆ ಗಿಡದ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಮಣ್ಣಿನಲ್ಲಿ ನೀರಿಲ್ಲದೆ ಹಾಗಾಗಿರಬಹುದು, ನೀರಿದ್ದೂ ಎಳೆದುಕೊಳ್ಳಲು ಬೇರೇ ಉಳಿಯದೆ ಹಾಗಾಗಿರಬಹುದು. ಎರಡನೆಯ ಸ್ಥಿತಿಯಲ್ಲಿ ಬಾಯಾರಿದೆ ಎಂದು ಇನ್ನೊಂದು ಚೊಂಬು ಸುರಿದರೆ ಉಳಿದ ಆಸೆಯೂ ಹೋಯಿತು. ಕಡ್ಡಿ ಇಳಿಸಿ ನೋಡಿ. ಮಣ್ಣು ಒಣಗಿದ್ದು, ಎಲೆ ಸುಕ್ಕಾಗಿದ್ದೂ ಗಟ್ಟಿಯಾಗಿದ್ದರೆ ಅದು ಬಾಯಾರಿಕೆ. ತುಂಬ ನೀರು ಕೊಟ್ಟರೆ ಕೆಲವು ದಿನಗಳಲ್ಲಿ ಮೈ ತುಂಬಿಕೊಳ್ಳುತ್ತದೆ. ಮಣ್ಣು ತೇವವಿದ್ದೂ ಎಲೆ ಮೆತ್ತಗೆ, ಅರೆಪಾರದರ್ಶಕವಾಗಿ, ಹಳದಿ ತಿರುಗಿದ್ದರೆ ಅದು ಕೊಳೆ. ಆಗ ಗಿಡವನ್ನು ಕಿತ್ತು, ಕಪ್ಪಾದ ಭಾಗವನ್ನೆಲ್ಲ ಶುಚಿಯಾದ ಚಾಕುವಿನಿಂದ ಕೊಯ್ದು, ಒಳಗಿನ ತಿರುಳು ಕಲೆಯಿಲ್ಲದೆ ಕಾಣುವವರೆಗೆ ಮೇಲಕ್ಕೆ ಹೋಗಬೇಕು. ಉಳಿದ ತುದಿಯನ್ನು ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ, ಗಾಯಕ್ಕೆ ಹಕ್ಕಳೆ ಕಟ್ಟಿದ ಮೇಲೆ ಒಣ ಮಣ್ಣಿನ ಮೇಲೆ ಊರಿದರೆ ಹೊಸ ಬೇರು ಬರುತ್ತದೆ. ಅಂಗಡಿಯ ಬಾಗಿಲಲ್ಲಿ ತೂಗುವ ಲೋಳೆಸರವನ್ನು ನೆನೆದರೆ ಎರಡು ವಾರ ನೀರಿಲ್ಲದೆ ಬಿಡುವುದಕ್ಕೆ ಎದೆಗುಂದಬೇಕಿಲ್ಲ.

ಎಲ್ಲ ಕಳ್ಳಿಗೂ ಒಂದೇ ಕಾನೂನು ಎಂದು ನಾನು ಹೇಳುತ್ತಿಲ್ಲ. ನಾವು ಬ್ರಹ್ಮಕಮಲವೆಂದು ಕರೆದು, ರಾತ್ರಿ ಅರಳುವುದನ್ನು ನೋಡಲು ನೆರೆಹೊರೆಯವರನ್ನೆಲ್ಲ ಕರೆಯುವ ಗಿಡವೂ ಕ್ಯಾಕ್ಟಸ್ಸೇ. ಆದರೆ ಅದರ ಹಿರಿಯರು ಮಧ್ಯ ಅಮೆರಿಕದ ಕಾಡಿನ ಮರಗಳ ಮೇಲೆ ಬೆಳೆದವರು. ಅದಕ್ಕೆ ಚುರುಕು ಬಿಸಿಲು ಬೇಡ, ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣು ಬೇಕು, ಪೂರ್ತಿ ಒಣಗಿಸುವುದೂ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನ ಸೀಮೆಯವರು ಎಚೆವೇರಿಯಾದ ಆಸೆ ಬಿಟ್ಟು ಬ್ರಹ್ಮಕಮಲ, ಸ್ನೇಕ್ ಪ್ಲಾಂಟ್, ಡ್ರ್ಯಾಗನ್ ಹಣ್ಣಿನ ಬಳ್ಳಿ, ಸೂರಿನಡಿಯಲ್ಲಿ ಅಡೇನಿಯಂ ಬೆಳೆಸುವುದು ಬುದ್ಧಿವಂತಿಕೆ. ನರ್ಸರಿಗಳಲ್ಲಿ ಹಸಿರು ಕಂಬದ ಮೇಲೆ ಕೆಂಪು, ಹಳದಿ ಚೆಂಡು ಕೂರಿಸಿದ ಪುಟ್ಟ ಕ್ಯಾಕ್ಟಸ್ಸನ್ನು ಎಲ್ಲರೂ ನೋಡಿರುತ್ತೀರಿ. ಅದು ಎರಡು ಗಿಡಗಳ ಕಸಿ. ಮೇಲಿನದಕ್ಕೆ ಹಸಿರು ಕಣವೇ ಇಲ್ಲ, ತನ್ನ ಅನ್ನ ತಾನು ಮಾಡಿಕೊಳ್ಳಲಾರದು. ಕೆಳಗಿನದು ಡ್ರ್ಯಾಗನ್ ಹಣ್ಣಿನ ಬಳಗದ ಬಳ್ಳಿ. ಎರಡರ ಬೆಳವಣಿಗೆಯ ವೇಗವೂ ಹೊಂದುವುದಿಲ್ಲ, ಕೆಲವು ವರ್ಷಕ್ಕೆ ಬೆಸುಗೆ ಬಿಟ್ಟು ಸಾಯುವುದು ಅದರ ಹಣೆಬರಹ. ಅದು ಸತ್ತರೆ ನಿಮ್ಮ ಕೈಗುಣವನ್ನು ಶಪಿಸಿಕೊಳ್ಳಬೇಡಿ.

ಕೀಟದ ವಿಷಯದಲ್ಲಿ ಒಂದೇ ಎಚ್ಚರಿಕೆ. ಎಲೆಯ ಸಂದಿಯಲ್ಲಿ ಹತ್ತಿಯ ತುಣುಕಿನಂತೆ ಕಂಡದ್ದು ಹಿಟ್ಟುತಿಗಣೆ; ಅದನ್ನು ಹಗುರವಾಗಿ ಕಾಣಬೇಡಿ. ಒಂದು ಕಾಲಕ್ಕೆ ದಕ್ಷಿಣ ಭಾರತದ ಹೊಲಗಳನ್ನೇ ನುಂಗಿದ್ದ ಪಾಪಾಸುಕಳ್ಳಿಯನ್ನು ಬರಗಾಲಗಳಿಂದಲೂ ಏನೂ ಮಾಡಲಾಗಲಿಲ್ಲ. 1926ರಲ್ಲಿ ಶ್ರೀಲಂಕಾದಿಂದ ತಂದು ಬಿಟ್ಟ ಕೊಚಿನೀಲ್ ಬಳಗದ ಕೀಟ ಅದನ್ನು ನೆಲಕ್ಕೊರಗಿಸಿತು. ಹಿಟ್ಟುತಿಗಣೆ ಆ ಕೀಟದ ದಾಯಾದಿ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ, ಬಿಸಿಲಿಗೆ ಇಡುವ ಮೊದಲು ಒಂದು ದಿನ ನೆರಳಿನಲ್ಲಿಡಿ.

ಈ ಗಿಡಗಳು ರಾತ್ರಿಯಿಡೀ ಆಮ್ಲಜನಕ ಬಿಡುತ್ತವೆ, ಮಲಗುವ ಕೋಣೆಯಲ್ಲಿಡಿ ಎಂಬ ಮಾತು ಈಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ರಾತ್ರಿ ಅವು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುವುದು ನಿಜ. ಆಮ್ಲಜನಕ ಹುಟ್ಟುವುದು ಮಾತ್ರ ಬೆಳಕು ಬಿದ್ದಾಗಲೇ. ಕತ್ತಲಲ್ಲಿ ಯಾವ ಗಿಡವೂ ಅದನ್ನು ತಯಾರಿಸಲಾರದು. ಹಾಗೆಯೇ ಮುಚ್ಚಿದ ಗಾಜಿನ ಬುಡ್ಡಿಯಲ್ಲಿ ಸಕ್ಯುಲೆಂಟ್ ನೆಟ್ಟು ಉಡುಗೊರೆ ಕೊಡುವ ರೂಢಿಯೂ ತಪ್ಪು. ತೂತಿಲ್ಲ, ಗಾಳಿಯಿಲ್ಲ, ಆವಿ ಹೋಗಲು ಎಡೆಯಿಲ್ಲ. ಜರೀಗಿಡಕ್ಕೆ, ಹಾವಸೆಗೆ ಹೇಳಿ ಮಾಡಿಸಿದ ಪಾತ್ರೆ ಅದು, ಕಳ್ಳಿಗೆ ಅಲ್ಲ. ಯಾರಾದರೂ ಪ್ರೀತಿಯಿಂದ ಕೊಟ್ಟರೆ ತೆಗೆದುಕೊಳ್ಳಿ. ಅವರು ಹೋದ ಮೇಲೆ ಗಿಡವನ್ನು ಮಣ್ಣಿನ ಕುಂಡಕ್ಕೆ ಬದಲಿಸಿ.

ಕೊನೆಗೆ ಒಂದು ವಿನಂತಿ. ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಸಲ, ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಗಿಡ ಮಾರುವ ಮಳಿಗೆಗಳ ಮುಂದೆ ಜನ ಮುಗಿಬೀಳುತ್ತಾರೆ. ಆಗಸ್ಟಿನಲ್ಲಿ ಕೊಂಡ ಎಳೆಯ ಕಳ್ಳಿ ಕೊಕೊಪೀಟಿನಲ್ಲೇ ಕೂತು, ಇನ್ನೂ ಎರಡು ತಿಂಗಳ ಮಳೆಯನ್ನು ಎದುರಿಸಬೇಕು. ಜನವರಿಯಲ್ಲಿ ಕೊಂಡದ್ದಕ್ಕೆ ಬೇರೂರಲು ಮುಂಗಾರಿನವರೆಗೆ ನಾಲ್ಕು ತಿಂಗಳ ಒಣ ಹವೆ ಸಿಗುತ್ತದೆ. ಆಗಸ್ಟಿನಲ್ಲಿ ಹೋಗಿ ಕಣ್ತುಂಬ ನೋಡಿ ಬನ್ನಿ. ದುಡ್ಡನ್ನು ಜನವರಿಗೆ ಉಳಿಸಿಕೊಳ್ಳಿ.